ಬಲೂನು ಒಡೆಯಲು ಮುನ್ನೂರು ಹೆಜ್ಜೆ

ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1949ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಎರಡು ಸಂಘಗಳು ಒಂದು ವಿಚಿತ್ರ ಪಂದ್ಯ ಹೂಡಿದವು. ಕೈಯಿಂದ ಕ್ಷಣದಲ್ಲಿ ಆಗುವ ಕೆಲಸಕ್ಕೆ, ಸುತ್ತಿ ಬಳಸಿ ಮೂಗು ಹಿಡಿಯುವಂಥ ಯಂತ್ರ ಕಟ್ಟಬೇಕು. 1955ರಲ್ಲಿ ನಿಂತ ಪಂದ್ಯ 1983ರಲ್ಲಿ ಮತ್ತೆ ಶುರುವಾಗಿ, 1988ರಲ್ಲಿ ರಾಷ್ಟ್ರಮಟ್ಟಕ್ಕೆ ಬೆಳೆಯಿತು. ಪೆನ್ಸಿಲ್ ಹೆರೆಯುವುದು, ಅಂಚೆ ಚೀಟಿ ಅಂಟಿಸುವುದು, ಇಂಥವೇ ಕೆಲಸಗಳು. ಕನಿಷ್ಠ 20 ಹೆಜ್ಜೆ ಇರಲೇಬೇಕೆಂಬ ನಿಯಮ ಹಿಂದೆ ಇತ್ತು.

ಪಂದ್ಯಕ್ಕೆ ಹೆಸರಾದ ರೂಬ್ ಗೋಲ್ಡ್‌ಬರ್ಗ್ ಅವರ ಕಥೆ ನಮ್ಮಂಥ ತಂದೆತಾಯಿಗಳಿಗೆ ಹೊಸದೆನಿಸದು. 1883ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಹುಡುಗನಿಗೆ ಚಿತ್ರ ಬರೆಯುವ ಹುಚ್ಚು. ಅಪ್ಪನಿಗೆ ಮಗ ಎಂಜಿನಿಯರ್ ಆಗಬೇಕೆಂಬ ಹಟ. (ಆ ಅಪ್ಪ ನಮ್ಮೂರಿನವರಲ್ಲ ಎಂದು ನಂಬುವುದು ಕಷ್ಟ.) 1904ರಲ್ಲಿ ಬರ್ಕ್ಲಿಯ ಪದವಿ ಪಡೆದು, ನಗರದ ನೀರು ಮತ್ತು ಒಳಚರಂಡಿ ಇಲಾಖೆಯಲ್ಲಿ ಕೆಲವು ತಿಂಗಳು ದುಡಿದು, ಅದನ್ನು ಬಿಟ್ಟು ಕಡಿಮೆ ಸಂಬಳಕ್ಕೆ ಪತ್ರಿಕೆಯೊಂದನ್ನು ಸೇರಿದರು. ಓದಿದ್ದೇನೂ ಹಾಳಾಗಲಿಲ್ಲ, ಅವರ ವ್ಯಂಗ್ಯಚಿತ್ರಗಳಿಗೆ ಯಂತ್ರಗಳಾಗಿ ಬಂತು.

1931ರ ಒಂದು ಚಿತ್ರದಲ್ಲಿ ಊಟದ ನಡುವೆ ಬಾಯಿ ಒರೆಸುವ ಯಂತ್ರವಿದೆ. ಸೂಪಿನ ಚಮಚ ಎತ್ತಿದೊಡನೆ ದಾರ ಎಳೆದು, ಸೌಟು ಮೇಲಕ್ಕೆ ಎಗರಿ, ಬಿಸ್ಕತ್ತು ಗಿಳಿಯ ಪಕ್ಕದಿಂದ ಚಿಮ್ಮಿ, ಗಿಳಿ ಅದರ ಹಿಂದೆ ನೆಗೆದು, ಕೂತಿದ್ದ ಕೋಲು ವಾಲಿ, ಕಾಳು ಬಕೆಟ್ಟಿಗೆ ಸುರಿದು, ಆ ಭಾರಕ್ಕೆ ಹಗ್ಗ ಜಗ್ಗಿ, ಲೈಟರ್ ಹೊತ್ತಿ, ರಾಕೆಟ್ ಹಾರಿ, ಕುಡುಗೋಲು ದಾರ ಕತ್ತರಿಸಿ, ಲೋಲಕಕ್ಕೆ ಕಟ್ಟಿದ ಬಟ್ಟೆ ತೂಗಾಡಿ ಗದ್ದ ಒರೆಸುತ್ತದೆ.

ಗೋಲ್ಡ್‌ಬರ್ಗ್ ಬರೆದರೆ ಸಾಕಿತ್ತು. ವಿದ್ಯಾರ್ಥಿಗಳ ಯಂತ್ರ ಓಡಬೇಕು, ಕಷ್ಟ ಅಲ್ಲಿದೆ. ಪ್ರತಿ ಹೆಜ್ಜೆ ನೂರರಲ್ಲಿ 99 ಸಲ ಸರಿಯಾಗಿ ನಡೆದರೂ, 20 ಹೆಜ್ಜೆಯ ಯಂತ್ರ ಪೂರ್ತಿ ಓಡುವುದು ನೂರರಲ್ಲಿ ಸುಮಾರು 82 ಸಲ ಮಾತ್ರ. 300 ಹೆಜ್ಜೆಯಾದರೆ ಐದೇ ಸಲ! 2012ರಲ್ಲಿ ಪರ್ಡ್ಯೂ ತಂಡವೊಂದು 300 ಹೆಜ್ಜೆಗಳಲ್ಲಿ ಬಲೂನು ಊದಿ ಒಡೆದು ಗಿನ್ನೆಸ್ ದಾಖಲೆ ಮಾಡಿತೆಂದರೆ, ಆ ಮಕ್ಕಳ ತಾಳ್ಮೆ ಎಷ್ಟಿರಬೇಕು!

"ಇದರಿಂದೇನು ಪ್ರಯೋಜನ?" ಎಂದು ನಾವು ಕೇಳುತ್ತೇವೆ. ವಾರಾಂತ್ಯದ ಕನ್ನಡ ತರಗತಿಯ ಬಗ್ಗೆ ನಮ್ಮ ಮಕ್ಕಳು ಕೇಳುವುದೂ ಇದೇ ಪ್ರಶ್ನೆ. ಕಾಲೇಜಿನ ಅರ್ಜಿ ತೋರಿಸಿ ಉತ್ತರಿಸುವುದು ನನಗೆ ಹಿಡಿಸುವುದಿಲ್ಲ.

ಈ ವರ್ಷ ನನ್ನ ಹಿರಿಯ ತರಗತಿಯ ಮಕ್ಕಳು ಗಂಟೆ ಬಾರಿಸುವ ಒಂದು ಯಂತ್ರ ಕಟ್ಟಿದರು. ನನ್ನ ಷರತ್ತು ಒಂದೇ: ನಡೆಯುವುದನ್ನೆಲ್ಲ ಒಂದೇ ಕನ್ನಡ ವಾಕ್ಯದಲ್ಲಿ ಹೇಳಬೇಕು. "ಮಳೆ ಬಂದು ಕೆರೆ ತುಂಬಿ ಕೋಡಿ ಹರಿಯಿತು" ಎಂಬ ಮಾದರಿ ಕೊಟ್ಟೆ. ಬಂದು, ತುಂಬಿ – ಒಂದು ಕ್ರಿಯೆ ಇನ್ನೊಂದನ್ನು ತಳ್ಳುತ್ತ ಹೋಗಿ, ಕೊನೆಯದರಲ್ಲಿ ಮಾತ್ರ ವಾಕ್ಯ ನಿಲ್ಲುತ್ತದೆ. ವರ್ಷವಿಡೀ ಕೃದಂತಾವ್ಯಯ ಎಂದರೆ ಆಕಳಿಸುತ್ತಿದ್ದವರು, "ಗೋಲಿ ಉರುಳಿ, ಡಬ್ಬಿ ಬಿದ್ದು, ದಾರ ಬಿಗಿದು..." ಎಂದು ಜಗಳವಾಡಿ ಸೇರಿಸುತ್ತ ಹೋದರು. "ಬಿಗಿದು"ವೋ "ಬಿಗಿಸಿ"ಯೋ ಎಂಬ ಚರ್ಚೆಗೇ ಅರ್ಧ ಗಂಟೆ ಹಿಡಿಯಿತು.

ಪದವಿ ಪ್ರದಾನದ ದಿನ ಯಂತ್ರ ಸಭಾಂಗಣದ ಬಾಗಿಲ ಬಳಿ ಇರುತ್ತದೆ. ಗೋಲಿಯನ್ನು ದಯವಿಟ್ಟು ಮಕ್ಕಳೇ ಬಿಡಲಿ.