ಅಪ್ಪನ ಬಂದೂಕು, ಅಮ್ಮನ ಎಣ್ಣೆ ಡಬ್ಬಿ

ಬಂದೂಕಿಗೂ ಹೆಂಗಸರಿಗೂ ಏನು ಸಂಬಂಧ ಎಂದು ಕೇಳುವವರು ಬಂದೂಕಿದ್ದ ಮನೆಯಲ್ಲಿ ಬಾಳಿದವರಲ್ಲ. ಹಾರಿಸಿದ ಹೆಸರು ಗಂಡಸರಿಗೆ. ಒರೆಸುವುದು, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕುವುದು, ಲೈಸೆನ್ಸ್ ಪುಸ್ತಕವನ್ನು ಇಲಿ ಕಡಿಯದಂತೆ ಟ್ರಂಕಿನಲ್ಲಿ ಕಾಪಾಡುವುದು ಹೆಂಗಸರ ಪಾಲಿಗೆ. ಮಾಕಳಿದುರ್ಗದ ಬುಡದಲ್ಲಿರುವ ನನ್ನ ತವರಿನಲ್ಲಿ ಐವತ್ತು ವರ್ಷ ನಡೆದದ್ದು ಇದೇ.

ನಮ್ಮ ಸೀಮೆ ಬಂದೂಕು ಕಾಣದ್ದೇನಲ್ಲ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೈದರಾಲಿ ಮೊದಲು ಹೆಸರು ಮಾಡಿದ. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ನಂದಿದುರ್ಗವನ್ನು ಹಿಡಿಯಿತು. ಆ ಕಾಲದ ಬಂದೂಕಿಗೆ ನಳಿಗೆಯ ಬಾಯಿಂದ ಮದ್ದು ಗುಂಡು ತುಂಬಿ ಗಜದಿಂದ ಜಡಿಯಬೇಕಿತ್ತು. ಅಪ್ಪ 1966ರಲ್ಲಿ ಕೊಂಡದ್ದು ಬೇರೆ ಜಾತಿಯದು: ಜೆಕೊಸ್ಲೊವಾಕಿಯಾದ ಬ್ರನೋ, ಪಾಯಿಂಟ್ ಟೂ ಟೂ ರೈಫಲ್. ತೂಕ ಮೂರು ಕಿಲೋಗೂ ಕಡಿಮೆ. ಇದರ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ಅಂಚಿನೊಳಗೇ ಇರುತ್ತದೆ. ಸೂಜಿ ಆ ಅಂಚನ್ನು ಜಜ್ಜಿದರೆ ಗುಂಡು ಹಾರುತ್ತದೆ. ಜಜ್ಜಿದ ತೋಟಾ ಮತ್ತೆ ಕೆಲಸಕ್ಕೆ ಬಾರದು. ಪ್ಯಾರಿಸಿನ ಫ್ಲೋಬೆರ್ 1845ರಲ್ಲಿ ಮನೆಯೊಳಗಿನ ಗುರಿಯಾಟಕ್ಕೆಂದು ಮಾಡಿದ ಪುಟ್ಟ ತೋಟಾದಿಂದ ಇದರ ವಂಶ ಬೆಳೆಯಿತು. ಇಂದಿಗೂ ಬಳಕೆಯಲ್ಲಿರುವ ಲಾಂಗ್ ರೈಫಲ್ ತೋಟಾ ಬಂದದ್ದು 1887ರಲ್ಲಿ, ಅಮೆರಿಕದಲ್ಲಿ.

ಅಪ್ಪ ಅದರಿಂದ ಮೊಲ, ಕೌಜುಗ ಹೊಡೆದದ್ದು ಕೆಲವೇ ವರ್ಷ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದಕ್ಕೆ ಬೇಟೆಯ ಕೆಲಸ ತಪ್ಪಿತು. ರಾಗಿ ಹೊಲಕ್ಕೆ ಬರುವ ಹಂದಿಗೆ ಆ ಸಣ್ಣ ಗುಂಡು ಸಾಲದು. ಪ್ರಾಣ ತೆಗೆಯದೆ ಗಾಯ ಮಾಡಿ ನರಳಿಸುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಗೂ ಇದು ಗೊತ್ತಿದ್ದಂತಿದೆ. ಬೆಳೆ ಕಾಯುವ ಮಾತಿಗೆ ಅದು ಹೇಳುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನು. ಪಾಯಿಂಟ್ ಟೂ ಟೂ ಹೆಸರೆತ್ತುವುದು ರೈಫಲ್ ಕ್ಲಬ್ಬಿನವರ ಗುರಿ ಅಭ್ಯಾಸಕ್ಕೆ.

ಕೆಲಸವಿಲ್ಲದ ಬಂದೂಕಿಗೆ ಆರೈಕೆ ಮಾತ್ರ ತಪ್ಪಲಿಲ್ಲ. ಮಳೆಗಾಲದಲ್ಲಿ ಅಮ್ಮ ವಾರಕ್ಕೊಮ್ಮೆ ಅದನ್ನು ಚಾಪೆಯ ಮೇಲೆ ಮಲಗಿಸುತ್ತಿದ್ದಳು. ಮೊದಲು ತೋಟಾ ಇಲ್ಲವೆಂದು ಕಣ್ಣಿಂದಲೂ ಬೆರಳಿಂದಲೂ ನೋಡುವುದು. ಆಮೇಲೆ ತೂಕ ಕಟ್ಟಿದ ಹುರಿಯನ್ನು ನಳಿಗೆಯ ಹಿಂಬದಿಯಿಂದ ಇಳಿಬಿಟ್ಟು, ಫ್ಲಾನೆಲ್ ತುಂಡು ಸಿಕ್ಕಿಸಿ ಬಾಯಿಯತ್ತ ಎಳೆಯುವುದು. ಬಾಯಿಯ ಅಂಚು ಸವೆದರೆ ಗುರಿ ಕೆಡುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಅಂಟಾಗಿ ಕೂರುತ್ತದೆಂದು ಅವಳು ಹೊಲಿಗೆ ಮೆಷಿನ್ನಿನ ಎಣ್ಣೆಯನ್ನೇ ತೆಳ್ಳಗೆ ಸವರುತ್ತಿದ್ದಳು. ಚರ್ಮದ ಚೀಲದಲ್ಲಿ ಇಡಳು. ಚೀಲ ತೇವ ಹೀರಿ ತುಕ್ಕು ಹಿಡಿಸುತ್ತದೆ. ಖಾಲಿ ಬಂದೂಕಿನ ಕುದುರೆ ಎಳೆದರೆ ಗದರುತ್ತಿದ್ದಳು. ಜಜ್ಜಲು ತೋಟಾ ಇಲ್ಲದಾಗ ಸೂಜಿ ನಳಿಗೆಯ ಅಂಚಿಗೇ ಬಡಿದು ಹಳ್ಳ ಮಾಡುತ್ತದೆ. ಇಂಥ ಹಳೆಯ ರೈಫಲ್ಲುಗಳು ಹೆಚ್ಚಾಗಿ ಕೆಡುವುದು ಹೀಗೆ, ಹುಡುಗರ ಆಟದಲ್ಲಿ.

ನಾನು ಗುರಿಯಿಡಲು ಕಲಿತದ್ದು ಕಾಲೇಜಿನ ಎನ್.ಸಿ.ಸಿ.ಯಲ್ಲಿ. ಅದರಲ್ಲಿ ಹೆಣ್ಣುಮಕ್ಕಳ ವಿಭಾಗ ಶುರುವಾದದ್ದು 1949ರಲ್ಲಿ. ಓದುಗರಲ್ಲಿ ಎಷ್ಟೋ ಮಂದಿ ನನ್ನ ಹಾಗೆ ಮಣ್ಣಲ್ಲಿ ಬೋರಲು ಮಲಗಿ, ಉಸಿರು ಹಿಡಿದು, ಇಪ್ಪತ್ತೈದು ಗಜದ ಕಾಗದಕ್ಕೆ ಪಾಯಿಂಟ್ ಟೂ ಟೂ ಹಾರಿಸಿರಬಹುದು. ಕೊಡಗಿನ ಮಾತು ಇನ್ನೂ ಬೇರೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿಯ ಪರಂಪರೆ ಅಲ್ಲಿ ಮುಂದುವರಿದಿದೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದರು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಹೂ ಮುಡಿಸಿ ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಹೆಂಗಸರೂ ನಿಲ್ಲುತ್ತಾರೆ. ನಮ್ಮ ಕಡೆ ಅದು ಹಬ್ಬದ ವಸ್ತುವಲ್ಲ, ಹೊಣೆ. ನವೀಕರಣಕ್ಕೆ ಅಲೆಯಬೇಕು, ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಬೇಕು, ಮನೆ ಬಿಟ್ಟು ಊರಿಗೆ ಹೋಗಲು ಎರಡು ಸಲ ಯೋಚಿಸಬೇಕು.

ಎಪ್ಪತ್ತು ತುಂಬಿದವರು ಬಂದೂಕನ್ನು ವಾರಸುದಾರರ ಹೆಸರಿಗೆ ಮಾಡಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಅಪ್ಪನಿಗೆ ಆಗ ಎಪ್ಪತ್ತೈದು ದಾಟಿತ್ತು. ಬೆಂಗಳೂರಿನ ಫ್ಲ್ಯಾಟಿನಲ್ಲಿರುವ ಅಣ್ಣ ಬೇಡವೆನ್ನಲಾರ, ಬೇಕೆನ್ನಲಾರ. ನೆಂಟರೆಲ್ಲ, ಗಂಡುಮಗ ಇರುವಾಗ ಯೋಚನೆ ಯಾಕೆ ಎಂದರು. ಅಮ್ಮ ಅಡುಗೆಮನೆಯಿಂದಲೇ, "ಯಾರಿಗೆ ಒರೆಸೋಕೆ ಬರುತ್ತೋ ಅವರ ಹೆಸರಿಗೆ ಮಾಡಿಸಿ" ಎಂದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ನೋಡಿದರು. ಪೊಲೀಸ್ ತನಿಖೆ, ತರಬೇತಿಯ ಪತ್ರ ಎಲ್ಲ ಮುಗಿದು ಪುಸ್ತಕದಲ್ಲಿ ನನ್ನ ಹೆಸರು ಬಿತ್ತು.

ಇದು ಗೆಲುವೆಂದು ನನಗೆ ಅನ್ನಿಸಿಲ್ಲ. ಪ್ರಾಣ ತೆಗೆಯಬಲ್ಲ ವಸ್ತುವೊಂದು ಐವತ್ತು ವರ್ಷ ಯಾರಿಗೂ ಕೇಡು ಮಾಡದೆ ಮನೆಯಲ್ಲಿ ಇದ್ದದ್ದು ಅಮ್ಮನ ಎಚ್ಚರದಿಂದ. ನನಗೆ ಬಂದದ್ದು ಆ ಎಚ್ಚರ. ನನ್ನ ಮಕ್ಕಳಲ್ಲಿ ಯಾರಿಗೂ ಅದು ಬಾರದಿದ್ದರೆ, ಎಷ್ಟೇ ಅಪರೂಪದ ಬ್ರನೋ ಆದರೂ ಸರಿ, ನಾನೇ ಹೋಗಿ ಸರ್ಕಾರಕ್ಕೆ ಒಪ್ಪಿಸಿ ರಸೀತಿ ತರುತ್ತೇನೆ.