ಪತ್ತೇದಾರಿ ಆಟಗಳಲ್ಲಿ ಒಗಟಿನ ನ್ಯಾಯ

ಬೆಳಗಾವಿ ಜಿಲ್ಲೆಯ ಕೃಷ್ಣಾ ತೀರದಲ್ಲಿರುವ ಉಗಾರ ಖುರ್ದ ಮತ್ತು ಅದರ ನೆರೆಯ ಗಡಿನಾಡಿನ ಊರುಗಳಲ್ಲಿ ಒಗಟಿಗೆ ಎರಡು ಹೆಸರುಗಳುಂಟು. ಕನ್ನಡ ಮಾತಿನ ಮನೆಗಳಲ್ಲಿ ಅದು ಒಡಪು. ಮರಾಠಿ ಮಾತಿನ ಮನೆಗಳಲ್ಲಿ ಉಖಾಣಾ. ಮದುವೆಯ ಮನೆಯಲ್ಲಿ ಹೆಣ್ಣು ತನ್ನ ಗಂಡನ ಹೆಸರನ್ನು ಹೆಣೆದು ಹೇಳುವ ಪದ್ಯಕ್ಕೂ ಇವೇ ಹೆಸರುಗಳು ಸಲ್ಲುತ್ತವೆ. ಭಾಷೆ ಯಾವುದೇ ಆಗಲಿ, ಒಗಟಿನ ಕಟ್ಟಳೆ ಒಂದೇ. ಕೇಳಿಸಿಕೊಂಡವನು "ಸೋತೆ" ಎಂದೊಡನೆ ಒಗಟು ಹಾಕಿದವನು ಅದನ್ನು ಬಿಡಿಸಿ ಹೇಳತಕ್ಕದ್ದು. ಉತ್ತರ ಕೇಳಿದ ಮೇಲೆ, ಇದು ನನಗೇ ಹೊಳೆಯಬೇಕಾಗಿತ್ತೆಂದು ಸೋತವನೂ ಒಪ್ಪುವಂತಿರತಕ್ಕದ್ದು. ಗಣಕಯಂತ್ರದ ಮೇಲೆ ಆಡುವ ಪತ್ತೇದಾರಿ ಸಾಹಸದ ಆಟಗಳು ಈ ಎರಡು ಕರಾರುಗಳನ್ನು ಹೇಗೆ ಮುರಿದವು, ಮುಂದೆ ಹೇಗೆ ಮರಳಿ ಕಂಡುಕೊಂಡವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಂಥ ವಿಷಯವು ಇತಿಹಾಸ ವಿಭಾಗದ ಪತ್ರಿಕೆಗೆ ಸಲ್ಲುವುದೇ ಎಂದು ಕೆಲವರು ಕೇಳಬಹುದು. ಸಾಕ್ಷ್ಯದಿಂದ ನಿರ್ಣಯಕ್ಕೆ ಹೋಗುವ ದಾರಿಯನ್ನೇ ವಸ್ತುವಾಗಿ ಮಾಡಿಕೊಂಡ ಆಟವು ನಮಗೆ ಅನ್ಯವಲ್ಲವೆಂದಷ್ಟೇ ನನ್ನ ಉತ್ತರ.

ಕೆಟ್ಟ ಒಗಟಿನ ಬಗೆಗಿನ ವಿಚಾರ ನಮ್ಮಲ್ಲಿ ಹೊಸದಲ್ಲ. ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ದಂಡಿಯು ಪ್ರಹೇಳಿಕೆಗಳನ್ನು, ಎಂದರೆ ಒಗಟುಗಳನ್ನು, ವಿವರಿಸುತ್ತಾನೆ. ಗೋಷ್ಠಿಯ ವಿನೋದಕ್ಕೆ, ಜನರ ನಡುವೆ ಗುಟ್ಟಾಗಿ ಮಾತನಾಡುವುದಕ್ಕೆ, ಎದುರಾಳಿಯನ್ನು ಮರುಳುಗೊಳಿಸುವುದಕ್ಕೆ ಅವು ಉಪಯುಕ್ತವೆನ್ನುತ್ತಾನೆ. ಪೂರ್ವಾಚಾರ್ಯರು 16 ಬಗೆಯ ಪ್ರಹೇಳಿಕೆಗಳನ್ನೂ, ಅವುಗಳಲ್ಲದೆ 14 ಬಗೆಯ ದುಷ್ಟಪ್ರಹೇಳಿಕೆಗಳನ್ನೂ ಹೇಳಿದ್ದರಂತೆ. ಆದರೆ ದೋಷಗಳಿಗೆ ಲೆಕ್ಕವಿಲ್ಲವೆಂದು ಬಗೆದು ದಂಡಿಯು ಒಳ್ಳೆಯವನ್ನು ಮಾತ್ರ ವಿವರಿಸಿ, ಲಕ್ಷಣಕ್ಕೆ ಒಳಪಡದವೆಲ್ಲ ದುಷ್ಟವೆಂದು ಬಿಟ್ಟುಬಿಡುತ್ತಾನೆ. ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿದ ಕವಿರಾಜಮಾರ್ಗದಿಂದಲೇ ನಮ್ಮ ಕಾವ್ಯಮೀಮಾಂಸೆ ಮೊದಲಾದುದರಿಂದ ಇದು ನಮಗೆ ದೂರದ ಮಾತಲ್ಲ. ಆ 14 ದೋಷಗಳ ಪಟ್ಟಿಯನ್ನು ದಂಡಿಯು ಉಳಿಸಿದ್ದರೆ ಈ ಲೇಖನದ ಅರ್ಧ ಕೆಲಸ ಹಗುರವಾಗುತ್ತಿತ್ತು.

ಪತ್ತೇದಾರಿ ಕಾದಂಬರಿಗೆ ನ್ಯಾಯದ ನಿಯಮಗಳನ್ನು ವಿಧಿಸಿದವರಲ್ಲಿ ಪ್ರಸಿದ್ಧನಾದವನು ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್. ಆತನು 1929ರಲ್ಲಿ ಪ್ರಕಟಿಸಿದ ಹತ್ತು ಕಟ್ಟಳೆಗಳಲ್ಲಿ, ಪತ್ತೇದಾರನ ಕಣ್ಣಿಗೆ ಬಿದ್ದ ಸುಳಿವನ್ನು ಓದುಗನಿಂದ ಮರೆಮಾಡಬಾರದೆಂಬುದು ಒಂದು. ಕನ್ನಡದಲ್ಲಿ ಮ. ರಾಮಮೂರ್ತಿಯವರ, ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಓದಿ ಬೆಳೆದವರು ಈ ನಿಯಮಗಳ ಹೆಸರನ್ನು ಕೇಳಿರಲಿಲ್ಲ. ಕೇಳಬೇಕಾದ ಅಗತ್ಯವೂ ಅವರಿಗಿರಲಿಲ್ಲ. ಪತ್ತೇದಾರ ಪುರುಷೋತ್ತಮನಿಗೆ ಹೊಳೆದುದು ತನಗೆ ಹೊಳೆಯದಿದ್ದರೂ ಓದುಗನು ಪುಟ ತಿರುವಿದರೆ ಕೊನೆಯ ಪುಟವನ್ನು ಮುಟ್ಟಿಯೇ ಮುಟ್ಟುತ್ತಾನೆ. ಪುಸ್ತಕವು ದಡ್ಡನನ್ನೂ ದಡ ಸೇರಿಸುತ್ತದೆ. ಆಟದಲ್ಲಿ ಹಾಗಿಲ್ಲ. ಒಗಟು ಬಿಡಿಸದವನಿಗೆ ಅಲ್ಲಿ ಮುಂದಿನ ಪುಟವೇ ತೆರೆಯುವುದಿಲ್ಲ. ಕಾದಂಬರಿಯಿಂದ ಆಟಕ್ಕೆ ಬರುವಾಗ ನಾಕ್ಸನ ನಿಯಮಗಳು ಸಾಲದೆ ಹೋದುದಕ್ಕೆ ಇದೇ ಮೂಲ ಕಾರಣವೆಂದು ನನಗೆ ತೋರುತ್ತದೆ.

1976ರಲ್ಲಿ ವಿಲ್ ಕ್ರೌದರ್ ರಚಿಸಿ, ಮರುವರ್ಷ ಡಾನ್ ವುಡ್ಸ್ ವಿಸ್ತರಿಸಿದ ಗುಹಾಸಂಚಾರದ ಆಟದಿಂದ ಈ ಪ್ರಕಾರ ಆರಂಭವಾಯಿತು. ಆಟಗಾರನು "ಉತ್ತರಕ್ಕೆ ಹೋಗು", "ದೀಪ ಹಚ್ಚು" ಎಂಬಂಥ ಆಜ್ಞೆಗಳನ್ನು ಇಂಗ್ಲಿಷಿನಲ್ಲಿ ಬೆರಳಚ್ಚಿಸುವನು; ಯಂತ್ರವು ಫಲಿತವನ್ನು ವರ್ಣಿಸುವುದು. 1980ರಲ್ಲಿ ರೊಬರ್ಟಾ ಮತ್ತು ಕೆನ್ ವಿಲಿಯಮ್ಸ್ ದಂಪತಿಗಳ 'ಮಿಸ್ಟರಿ ಹೌಸ್' ಇದಕ್ಕೆ ಕೊಲೆಯ ವಸ್ತುವನ್ನೂ ರೇಖಾಚಿತ್ರಗಳನ್ನೂ ಸೇರಿಸಿತು. ಆದರೆ ನಿಜವಾದ ಪತ್ತೇದಾರಿ ಆಟವೆನ್ನತಕ್ಕದ್ದು 1982ರಲ್ಲಿ ಅಮೆರಿಕದ ಇನ್ಫೋಕಾಮ್ ಸಂಸ್ಥೆಗಾಗಿ ಮಾರ್ಕ್ ಬ್ಲಾಂಕ್ ರಚಿಸಿದ 'ಡೆಡ್‌ಲೈನ್'. ಒಬ್ಬ ಶ್ರೀಮಂತನ ಸಾವಿನ ರಹಸ್ಯವನ್ನು ಹನ್ನೆರಡು ಗಂಟೆಗಳ ಆಟದ ಕಾಲದೊಳಗೆ ಭೇದಿಸಬೇಕು. ಮನೆಯವರು ತಂತಮ್ಮ ವೇಳೆಗೆ ತಕ್ಕಂತೆ ಓಡಾಡುತ್ತಾರೆ. ಆಟಗಾರನು ತೋಟದಲ್ಲಿದ್ದಾಗ ಮನೆಯೊಳಗೆ ನಡೆದ ಮಾತು ಅವನ ಪಾಲಿಗೆ ಹೋದಂತೆಯೇ. ಡಿಸ್ಕಿನಲ್ಲಿ ಸ್ಥಳವಿಲ್ಲದುದರಿಂದ ವಿಚಾರಣೆಯ ಟಿಪ್ಪಣಿಗಳನ್ನೂ ಪ್ರಯೋಗಶಾಲೆಯ ವರದಿಯನ್ನೂ ಕಾಗದದಲ್ಲಿ ಮುದ್ರಿಸಿ ಪೆಟ್ಟಿಗೆಯೊಳಗೆ ಇಟ್ಟಿದ್ದರು.

ಇಲ್ಲಿ ಸೋಲು ಪದೇ ಪದೇ ಬರುತ್ತದೆ. ಆದರೂ ಇದನ್ನು ಅನ್ಯಾಯವೆನ್ನಲಾರೆ. ಗಡಿಯಾರವು ಎದುರಿಗೇ ಇದೆ. ತಪ್ಪು ಮನುಷ್ಯನನ್ನು ಬಂಧಿಸಿದರೆ ಮೊಕದ್ದಮೆಯ ಗತಿ ಏನಾಯಿತೆಂದು ಆಟವೇ ತಿಳಿಸುತ್ತದೆ. ಮತ್ತೆ ಮೊದಲಿನಿಂದ ಆಡಿದರೂ ಹೆಚ್ಚು ಹೊತ್ತು ಹಿಡಿಯದು. ಅದೇ ಸಂಸ್ಥೆಯ 1984ರ 'ಹಿಚ್‌ಹೈಕರ್ಸ್ ಗೈಡ್' ಪತ್ತೇದಾರಿಯದಲ್ಲವಾದರೂ ಹೋಲಿಕೆಗಾಗಿ ನೋಡತಕ್ಕದ್ದು. ಅದರಲ್ಲಿ ಆರಂಭದಲ್ಲಿಯೇ ಬೀದಿಯ ನಾಯಿಯೊಂದಕ್ಕೆ ಸ್ಯಾಂಡ್‌ವಿಚ್ ಹಾಕದೆ ಹೋದರೆ, ಬಹಳ ಹೊತ್ತಿನ ಮೇಲೆ ಆ ನಾಯಿಯೇ ಆಟಗಾರನಿರುವ ಅತಿಸೂಕ್ಷ್ಮ ನೌಕಾಪಡೆಯನ್ನು ನುಂಗಿಬಿಡುತ್ತದೆ. ನಡುವಿನ ಹೊತ್ತೆಲ್ಲ ಆಟಗಾರನು ಗೆಲ್ಲಲಾಗದ ಆಟವನ್ನು ಗೆಲ್ಲಬಹುದೆಂದೇ ನಂಬಿ ಆಡುತ್ತಿರುತ್ತಾನೆ. ಅಭಿಮನ್ಯುವಿಗಾದರೂ ತಾನು ಚಕ್ರವ್ಯೂಹದೊಳಗಿರುವೆನೆಂಬುದು ಗೊತ್ತಿತ್ತು. ದಾರಿ ಮುಚ್ಚಿತೆಂಬುದನ್ನೇ ತಿಳಿಸದ ಈ ಮೌನವನ್ನು ಒಗಟಿನ ಮೊದಲ ಕರಾರಿನ ಭಂಗವೆಂದು ನಾನು ಎಣಿಸುತ್ತೇನೆ: "ಸೋತೆ" ಎನ್ನುವ ಅವಕಾಶವೇ ಇಲ್ಲಿಲ್ಲ.

ಸೋತವರಿಗೆ ಉತ್ತರ ಹೇಳುವ ವ್ಯವಸ್ಥೆ ಆಟದ ಹೊರಗೆ ಬೆಳೆಯಿತು. ಮೈಕ್ ಡಾರ್ನ್‌ಬ್ರೂಕ್ ಎಂಬಾತನು ಕಣ್ಣಿಗೆ ಕಾಣದ ಮಸಿಯಿಂದ ಅಚ್ಚಾದ ಸುಳಿವಿನ ಪುಸ್ತಿಕೆಗಳನ್ನು ಹೊರತಂದನು. ವಿಶೇಷ ಲೇಖನಿಯಿಂದ ಉಜ್ಜಿದರೆ ಮೊದಲು ಸಣ್ಣ ಸೂಚನೆ, ಕೊನೆಗೆ ಪೂರ್ಣ ಉತ್ತರ ಮೂಡುತ್ತಿತ್ತು. ಬೆಡಗಿನ ವಚನಗಳಿಗೆ ಟೀಕೆಗಳು ಹುಟ್ಟಿದುದನ್ನು ಬಲ್ಲ ನಮಗೆ ಇದು ವಿಚಿತ್ರವೆನಿಸದು. ಬೀಗ ಮಾರಿದವನೇ ಕೀಲಿಯನ್ನೂ ಮಾರಲೆಂದು ಒಗಟುಗಳನ್ನು ಕಠಿಣಗೊಳಿಸಿದನೆಂಬ ಆಕ್ಷೇಪವುಂಟು. ಆದರೆ ಈ ಪುಸ್ತಿಕೆಗಳು ಆರಂಭವಾದುದು ಸಂಸ್ಥೆಯ ಹೊರಗೆ, ಆಟಗಾರರಿಗಾಗಿ ಡಾರ್ನ್‌ಬ್ರೂಕನೇ ನಡೆಸುತ್ತಿದ್ದ ಬಳಗದಿಂದ. ಇನ್ಫೋಕಾಮ್ ಅದನ್ನು ವಹಿಸಿಕೊಂಡುದು ಆಮೇಲೆ. ಮೂಲದಲ್ಲಿ ಸಂಚಿತ್ತೆನ್ನಲು ಆಧಾರ ಸಾಲದು.

ತಿರುವು ಬಂದುದು 1989ರಲ್ಲಿ. ಲ್ಯೂಕಸ್‌ಫಿಲ್ಮ್ ಗೇಮ್ಸ್ ಸಂಸ್ಥೆಯಲ್ಲಿದ್ದ ರಾನ್ ಗಿಲ್ಬರ್ಟನು ಸಾಹಸದ ಆಟಗಳ ದೋಷಗಳನ್ನು ಕುರಿತು ಕಟುವಾದ ಲೇಖನವೊಂದನ್ನು ಬರೆದನು. ಸತ್ತು ಕಲಿಯಬೇಕಾದ ಪ್ರಸಂಗ ಬರಬಾರದು. ಹಿಂದೆ ಬಿಟ್ಟುಬಂದ ವಸ್ತುವಿನಿಂದ ಆಟ ಕೆಡಬಾರದು. ಬೀಗ ಕಾಣುವ ಮೊದಲೇ ಕೀಲಿ ಸಿಕ್ಕುವಂತಹ ಹಿಂದುಮುಂದಾದ ಒಗಟು ಕೂಡದು, ಎಂದು ಮುಂತಾಗಿ ವಾದಿಸಿದನು. ಮರುವರ್ಷದ ಅವನ 'ಮಂಕಿ ಐಲೆಂಡ್' ಇದಕ್ಕೆ ಉದಾಹರಣೆಯಾಯಿತು. ಕ್ರಮೇಣ ಮುಚ್ಚಿದ ದಾರಿಗಳು ಆಟಗಳಲ್ಲಿ ವಿರಳವಾದವು.

ಆದರೆ ಎರಡನೆಯ ಕರಾರು ಇನ್ನೂ ಬಾಕಿಯಿತ್ತು. 1999ರ 'ಗೇಬ್ರಿಯಲ್ ನೈಟ್ 3' ಎಂಬ ಪತ್ತೇದಾರಿ ಆಟದಲ್ಲಿ ನಾಯಕನು ಮಿತ್ರನ ವೇಷ ಧರಿಸಿ ಬಾಡಿಗೆಯ ಮೋಟಾರುವಾಹನವೊಂದನ್ನು ಪಡೆಯಬೇಕು. ಅದಕ್ಕಾಗಿ ಬೆಕ್ಕಿನ ಕೂದಲನ್ನು ಅಂಟುಪಟ್ಟಿಯಿಂದ ಸಂಗ್ರಹಿಸಿ, ಸಿಹಿಪಾಕದಿಂದ ಅಂಟಿಸಿ ಮೀಸೆ ಮಾಡಿಕೊಳ್ಳಬೇಕು. ಮಿತ್ರನಿಗೆ ಮೀಸೆಯೇ ಇಲ್ಲ! ಆದುದರಿಂದ ಅವನ ಪಾಸ್‌ಪೋರ್ಟಿನ ಭಾವಚಿತ್ರಕ್ಕೂ ಮೀಸೆ ಬರೆಯಬೇಕು. ಉತ್ತರ ತಿಳಿದ ಮೇಲೂ ಯಾರೂ "ಅಹುದು" ಎನ್ನಲಾರರು. ವಿಚಾರಾರ್ಹವಾದುದೆಂದರೆ, ಅದೇ ಆಟದಲ್ಲಿ ಹಳೆಯ ಗೂಢ ಪಠ್ಯವೊಂದನ್ನು ಖಂಡಖಂಡವಾಗಿ ಓದಿ, ಫ್ರಾನ್ಸಿನ ರೆನ್-ಲ-ಶಾತೋ ಪ್ರದೇಶದ ನಕ್ಷೆಯ ಮೇಲೆ ಗೆರೆಗಳನ್ನು ಎಳೆದು ಬಿಡಿಸುವ ಒಗಟೂ ಇದೆ. ಅಷ್ಟು ಸೊಗಸಾದ ಒಗಟು ಈ ಪ್ರಕಾರದಲ್ಲಿ ಅಪೂರ್ವ. ಸಾಧುವೂ ದುಷ್ಟವೂ ಒಂದೇ ಪೆಟ್ಟಿಗೆಯೊಳಗೆ ಬಂದವು.

2018ರಲ್ಲಿ ಲ್ಯೂಕಸ್ ಪೋಪ್ ರಚಿಸಿದ 'ರಿಟರ್ನ್ ಆಫ್ ದಿ ಓಬ್ರಾ ಡಿನ್' ಇತಿಹಾಸದ ವಿದ್ಯಾರ್ಥಿಗಳು ಆಡಿ ನೋಡತಕ್ಕ ಆಟ. ಕಾಲ 1807, ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದರಲ್ಲಿದ್ದ 60 ಜನರ ಹೆಸರನ್ನೂ ಗತಿಯನ್ನೂ ನಿರ್ಣಯಿಸಬೇಕು, ಅವರಲ್ಲಿ ಭಾರತೀಯ ನಾವಿಕರೂ ಇದ್ದಾರೆ. ಮೂರು ಗತಿಗಳು ಸರಿಯಾದಾಗಲೇ ಪುಸ್ತಕವು ಅವನ್ನು ಒಟ್ಟಿಗೆ ದೃಢಪಡಿಸುವುದರಿಂದ ಬರಿಯ ಊಹೆಯಿಂದ ಗೆಲ್ಲುವುದು ಕಷ್ಟ. ಯಾವ ದಾರಿಯೂ ಮುಚ್ಚುವುದಿಲ್ಲ. ಆದರೆ ಇದಕ್ಕೂ ಬೆಲೆ ತೆತ್ತಿದ್ದಾರೆ. ಆ ಹಡಗಿನಲ್ಲಿ ನಡೆಯಬೇಕಾದುದೆಲ್ಲ ನಡೆದುಹೋಗಿದೆ. ಆಟಗಾರನು ಸತ್ತವರ ಕೊನೆಯ ಕ್ಷಣಗಳ ನಡುವೆ ಇತಿಹಾಸಕಾರನಂತೆ ಅಡ್ಡಾಡುತ್ತಾನೆ, ಅವನ ತಡವರಿಕೆಯಿಂದ ಯಾರಿಗೂ ಹಾನಿಯಿಲ್ಲ. 'ಡೆಡ್‌ಲೈನ್'ದ ಪತ್ತೇದಾರನು ಘಟನೆಗಳ ಸಮಕಾಲೀನ. ಅವನು ಹಜಾರದಲ್ಲಿ ನಿಂತು ಯೋಚಿಸುತ್ತಿರುವಾಗಲೇ ಮಹಡಿಯ ಮೇಲೆ ಯಾರೋ ಏನನ್ನೋ ಎತ್ತಿಕೊಂಡು ಹೋಗುತ್ತಿರುತ್ತಾರೆ.