ಕಾಣದ ಕಣದ ತೂಕ: ರಮಾನಾಥ ಕೌಶಿಕರ ನ್ಯೂಟ್ರಿನೊ ಅಧ್ಯಯನಗಳು

ಕರ್ನಾಟಕದ ನ್ಯೂಟ್ರಿನೊ ಚರಿತ್ರೆ ಎಂದೊಡನೆ ನೆನಪಾಗುವುದು ಕೋಲಾರದ ಚಿನ್ನದ ಗಣಿ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಡಿ ಎರಡು ಕಿಲೊಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರ್ಹಮ್ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಆ ತಂಡದಲ್ಲಿದ್ದರು. ಈ ಪ್ರಯೋಗಕ್ಕೆ ಸಂದ ಮನ್ನಣೆ ನ್ಯಾಯವಾದದ್ದೇ. ಆದರೆ ಅದರ ಪಕ್ಕದಲ್ಲೇ ಬೆಳೆದ ಸೈದ್ಧಾಂತಿಕ ಚಿಂತನೆಯ ಬಗ್ಗೆ ಕನ್ನಡದಲ್ಲಿ ಮಾತು ಕಡಿಮೆ.

ಆ ಚಿಂತನೆ ಬೆಳೆಸಿದವರಲ್ಲಿ ಒಬ್ಬರಾದ ರಮಾನಾಥ ಕೌಶಿಕ್ ಹುಟ್ಟಿದ್ದು 1940ರಲ್ಲಿ, ನಾಗಪುರದಲ್ಲಿ. ಓದಿದ್ದು ಮೈಸೂರು ವಿಶ್ವವಿದ್ಯಾಲಯ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ಬಳಿಕ ಟಾಟಾ ಸಂಸ್ಥೆ ಸೇರಿ ವಿಶ್ವಕಿರಣಗಳ ಅಧ್ಯಯನದಲ್ಲಿ ತೊಡಗಿದರು.

1972ರಲ್ಲಿ, ಬರ್ಕಲಿಯಲ್ಲಿದ್ದಾಗ, ಜಾನ್ ಮೆಕ್‌ಕ್ಲೆಲಂಡ್ ಜತೆ ಅವರು ಬರೆದ ಪ್ರಬಂಧ ಚಿಕ್ಕದು. ಅದರ ತರ್ಕ ಹೀಗಿದೆ: ಮಹಾಸ್ಫೋಟದಿಂದ ಉಳಿದುಬಂದ ನ್ಯೂಟ್ರಿನೊಗಳು ವಿಶ್ವದಲ್ಲೆಲ್ಲ ತುಂಬಿವೆ, ಸಂಖ್ಯೆಯಲ್ಲಿ ಅವು ಬೆಳಕಿನ ಕಣಗಳಿಗೆ ಸರಿಸಮಾನ ಎನ್ನಬಹುದು. ಒಂದೊಂದಕ್ಕೂ ತುಸು ದ್ರವ್ಯರಾಶಿ ಇದ್ದರೂ ಸಾಕು, ಎಲ್ಲವೂ ಕೂಡಿದಾಗ ಗುರುತ್ವ ಅಗಾಧವಾಗಿ ವಿಶ್ವದ ಹಿಗ್ಗುವಿಕೆಗೆ ತಡೆ ಬೀಳುತ್ತದೆ. ಆಗ ದೊರೆತಿದ್ದ ಖಗೋಳ ಮಾಪನಗಳು ಅಂಥ ತಡೆಗೆ ಹೆಚ್ಚು ಅವಕಾಶ ಕೊಡುತ್ತಿರಲಿಲ್ಲ. ಆದ್ದರಿಂದ ನ್ಯೂಟ್ರಿನೊದ ದ್ರವ್ಯರಾಶಿ 8 ಎಲೆಕ್ಟ್ರಾನ್ ವೋಲ್ಟ್ ಮೀರಲಾರದು. ನ್ಯೂಟ್ರಿನೊಗಳ ಒಂದು ಬಗೆಯಾದ ಮ್ಯೂಯಾನ್ ನ್ಯೂಟ್ರಿನೊದ ಮಟ್ಟಿಗೆ ಪ್ರಯೋಗಾಲಯಗಳ ಮಿತಿ ಆಗಿನ್ನೂ ಲಕ್ಷಗಟ್ಟಲೆ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿತ್ತು.

ಈ ದಾರಿಯಲ್ಲಿ ಮೊದಲು ನಡೆದವರು ಇವರೇ ಎನ್ನುವಂತಿಲ್ಲ. ಸೋವಿಯತ್ ಒಕ್ಕೂಟದ ಗೆರ್ಷ್ಟೈನ್ ಮತ್ತು ಝೆಲ್ಡೊವಿಚ್ 1966ರಲ್ಲೇ ಇಂಥದೇ ವಾದದಿಂದ ಸುಮಾರು 400 ಎಲೆಕ್ಟ್ರಾನ್ ವೋಲ್ಟ್‌ಗಳ ಮಿತಿ ಪಡೆದಿದ್ದರು. ಆದರೂ ವಿಶ್ವವಿಜ್ಞಾನದಲ್ಲಿ ಈ ಮಿತಿಗೆ ಹಲವರು ಇಂದಿಗೂ ಹೇಳುವುದು ಕೌಶಿಕ್–ಮೆಕ್‌ಕ್ಲೆಲಂಡ್ ಹೆಸರನ್ನೇ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಎದೆಗಾರಿಕೆಯ ಬರಹ 1973ರದು. ಕೋಮಾ ಗೆಲಾಕ್ಸಿ ಗುಚ್ಛದಲ್ಲಿ ಕಾಣುವ ದ್ರವ್ಯಕ್ಕೂ ಗೆಲಾಕ್ಸಿಗಳ ವೇಗಕ್ಕೂ ಲೆಕ್ಕ ತಾಳೆಯಾಗುವುದಿಲ್ಲ ಎಂದು ಫ್ರಿಟ್ಜ್ ಜ್ವಿಕಿ 1930ರ ದಶಕದಲ್ಲೇ ತೋರಿಸಿದ್ದರು. ಕೊರತೆ ತುಂಬುವುದು ದ್ರವ್ಯರಾಶಿಯುಳ್ಳ ನ್ಯೂಟ್ರಿನೊಗಳಿರಬಹುದು ಎಂದು ಕೌಶಿಕ್ ಮತ್ತು ಮೆಕ್‌ಕ್ಲೆಲಂಡ್ ಸೂಚಿಸಿದರು. ಆ ಉತ್ತರ ನಿಲ್ಲಲಿಲ್ಲ. ನ್ಯೂಟ್ರಿನೊಗಳಂಥ ವೇಗದ ಕಣಗಳೇ ಪ್ರಧಾನವಾಗಿದ್ದರೆ ಗೆಲಾಕ್ಸಿಗಳು ಈಗಿನಂತೆ ರೂಪುಗೊಳ್ಳುತ್ತಿರಲಿಲ್ಲ ಎಂದು 1980ರ ದಶಕದ ಗಣಕ ಅನುಕರಣೆಗಳು ತೋರಿಸಿದವು. ಆದರೆ ಕೊರತೆ ತುಂಬುವ ಈ ಕಾಣದ ದ್ರವ್ಯವನ್ನು, ಅಂದರೆ ಕಪ್ಪು ದ್ರವ್ಯವನ್ನು, ಮಂದ ನಕ್ಷತ್ರಗಳಲ್ಲೋ ಅನಿಲದಲ್ಲೋ ಹುಡುಕದೆ, ಮೂಲಕಣಗಳಲ್ಲಿ ಹುಡುಕುವ ಪರಿಪಾಠ ಬೆಳೆದದ್ದು ಇಂಥ ಬರಹಗಳಿಂದ. ನ್ಯೂಟ್ರಿನೊಗೆ ದ್ರವ್ಯರಾಶಿ ಇದೆಯೆಂಬುದು 1998ರಲ್ಲಿ ಜಪಾನಿನ ಸೂಪರ್ ಕಾಮಿಯೊಕಾಂಡೆ ಪ್ರಯೋಗದಿಂದ ಖಚಿತವಾಯಿತು.

1992ರಿಂದ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕರಾಗಿ ಅವರು ಲಡಾಖಿನ ಹಾನ್ಲೆಯಲ್ಲಿ ದೂರದರ್ಶಕ ನಿಲ್ಲಿಸಿದ್ದು ಬೇರೆಯೇ ಅಧ್ಯಾಯ. ಆ ದೂರದರ್ಶಕವನ್ನು ಹೊಸಕೋಟೆಯಿಂದಲೇ ನಡೆಸಲಾಗುತ್ತದೆ.

2011ರ ಸೆಪ್ಟೆಂಬರಿನಲ್ಲಿ ಯುರೋಪಿನ ಒಪೆರಾ ಪ್ರಯೋಗ, ನ್ಯೂಟ್ರಿನೊಗಳು ಬೆಳಕಿಗಿಂತ ವೇಗವಾಗಿ ಬಂದವು ಎಂದು ಪ್ರಕಟಿಸಿತು. ಆಗ ಸೇಂಟ್ ಲೂಯಿಸ್‌ನಲ್ಲಿದ್ದ ಕೌಶಿಕ್, ನುಸ್ಸಿನೊವ್ ಮತ್ತು ಉತ್ಪಲ್ ಸರ್ಕಾರ್ ಜತೆ ಹಳೆಯ ಬಗೆಯ ಪ್ರಶ್ನೆಯನ್ನೇ ಎತ್ತಿದರು: ಇದು ನಿಜವಾದರೆ ಬೇರೆಲ್ಲಿ ಏರುಪೇರು ಕಾಣಬೇಕು? ಆ ನ್ಯೂಟ್ರಿನೊಗಳು ಹುಟ್ಟುವುದು ಅಲ್ಪಾಯುಷಿ ಕಣಗಳಾದ ಪಯಾನ್‌ಗಳ ಕ್ಷಯದಿಂದ. ನ್ಯೂಟ್ರಿನೊಗಳು ಅಷ್ಟು ವೇಗದವಾದರೆ, ಶಕ್ತಿ ಮತ್ತು ಸಂವೇಗದ ಲೆಕ್ಕದಂತೆ ಪಯಾನಿನ ಆಯಸ್ಸು ಹೆಚ್ಚಬೇಕು, ನ್ಯೂಟ್ರಿನೊದ ಪಾಲಿನ ಶಕ್ತಿ ಕುಗ್ಗಬೇಕು. ಒಪೆರಾ ಕಂಡ ಶಕ್ತಿಯ ನ್ಯೂಟ್ರಿನೊಗಳು ಹುಟ್ಟುವುದೇ ದುಸ್ತರ. ಪ್ರಬಂಧ ಡಿಸೆಂಬರಿನಲ್ಲಿ ಅಚ್ಚಾಯಿತು. ಒಪೆರಾದ ಅಳತೆಯನ್ನು ದಾರಿತಪ್ಪಿಸಿದ, ಸಡಿಲಗೊಂಡ ಆಪ್ಟಿಕಲ್ ಫೈಬರ್ ಜೋಡಣೆಯ ಸುದ್ದಿ ಹೊರಬಿದ್ದದ್ದು 2012ರ ಫೆಬ್ರುವರಿಯಲ್ಲಿ.